ತೀರ್ಪನ್ನು ತಿದ್ದಿದ ಮೇಷ್ಟರು

(ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳ ಕಾರ್ಯಕರ್ತರ ಅಭ್ಯಾಸ ಶಿಬಿರದಲ್ಲಿ ಮಾಡಿದ ಭಾಷಣ)



ಈ ದಿನ ನನಗೆ ಕೊಟ್ಟಿರುವ ವಿಷಯ ‘ನ್ಯಾಯಾಲಯ ಮತ್ತು ಬಡವ’. ವಿಷಯ ಬಹಳ ದೊಡ್ಡದು. ಒಂದು ಗಂಟೆಯಲ್ಲಿ ಮುಗಿಯತಕ್ಕದ್ದಲ್ಲ. ಆದ್ದರಿಂದ ಒಬ್ಬ ಮನುಷ್ಯನ ಕೆಲಸವನ್ನು ಮುಂದಿಟ್ಟುಕೊಂಡು ಅದರ ಮೂಲಕ ನನಗೆ ತಿಳಿದಷ್ಟನ್ನು ಹೇಳುತ್ತೇನೆ. ಆ ಮನುಷ್ಯ ವಕೀಲಿ ಮಾಡಿ ಹೆಸರು ಗಳಿಸಿದವರಲ್ಲ, ನ್ಯಾಯಾಧೀಶರೂ ಅಲ್ಲ. ಕಾನೂನು ಕಲಿಸುವ ಮೇಷ್ಟರು. ಹೆಸರು ಉಪೇಂದ್ರ ಬಕ್ಷಿ. ನಮ್ಮ ದೇಶದ ದೊಡ್ಡ ದೊಡ್ಡ ಮೊಕದ್ದಮೆಗಳನ್ನು ತೀರ್ಪು ಬಂದ ಮೇಲೆ ಕೈಗೆ ತೆಗೆದುಕೊಂಡು, ಶಾಲೆಯಲ್ಲಿ ಹುಡುಗರ ಉತ್ತರಪತ್ರಿಕೆ ತಿದ್ದುವಂತೆ ತಿದ್ದಿದವರು ಇವರು.

ನಮ್ಮ ಮೂರು ತಾಲ್ಲೂಕುಗಳ ರೈತನಿಗೆ ಕೋರ್ಟು ಹೊಸದೇನಲ್ಲ. ಗೇಣಿ ಜಮೀನಿಗೆ 7ನೆಯ ನಮೂನೆ ಹಾಕಿ ಭೂ ನ್ಯಾಯಮಂಡಳಿಯ ಮುಂದೆ ನಿಂತವರ ಮಕ್ಕಳು ಇಲ್ಲಿ ಕುಳಿತಿದ್ದೀರಿ. ಬಗರ್ ಹುಕುಂ ಸಾಗುವಳಿಗೆ 50, 53, 57ನೆಯ ನಮೂನೆಗಳನ್ನು ಹಾಕಿ ಕಾದವರಿದ್ದೀರಿ. ಅಮೃತಮಹಲ್ ಕಾವಲಿನ ಅಂಚಿನಲ್ಲಿ ಉಳುತ್ತಾ ನೋಟೀಸು ಬರುವುದನ್ನೇ ಎದುರು ನೋಡುವವರಿದ್ದೀರಿ. ಪ್ಲಾಸ್ಟಿಕ್ ಚೀಲದಲ್ಲಿ ಕಾಗದದ ಕಟ್ಟು ಸುತ್ತಿಟ್ಟುಕೊಂಡು ವಾಯಿದೆಗೆ ಓಡಾಡುವುದು ನಮಗೆ ಅಭ್ಯಾಸವಾಗಿಬಿಟ್ಟಿದೆ. ಆದರೆ ಆ ಕಟ್ಟಿನೊಳಗೆ ಏನು ಬರೆದಿದೆ ಎಂದು ಕೇಳಿದರೆ, “ವಕೀಲರಿಗೆ ಗೊತ್ತು ಸ್ವಾಮಿ” ಎನ್ನುತ್ತೇವೆ. ಗೆದ್ದರೆ ಕೋರ್ಟಿಗೆ ಕೈ ಮುಗಿಯುತ್ತೇವೆ, ಸೋತರೆ ಶಾಪ ಹಾಕುತ್ತೇವೆ. ತೀರ್ಪನ್ನು ಓದುವುದಿಲ್ಲ.

ನಮ್ಮ ನೆರೆಯ ಶಿಕಾರಿಪುರ ತಾಲ್ಲೂಕಿನ ಈಸೂರನ್ನು ತೆಗೆದುಕೊಳ್ಳಿ. 1942ರ ಸೆಪ್ಟೆಂಬರಿನಲ್ಲಿ ಆ ಹಳ್ಳಿಯವರು ತಮ್ಮದೇ ಸರ್ಕಾರವೆಂದು ಸಾರಿದರು. ಹುಡುಗರನ್ನೇ ಅಮಲ್ದಾರ, ಸಬ್ ಇನ್ಸ್‌ಪೆಕ್ಟರ್ ಎಂದು ನೇಮಿಸಿದರು. ಸರ್ಕಾರದ ಅಮಲ್ದಾರರೂ ಸಬ್ ಇನ್ಸ್‌ಪೆಕ್ಟರರೂ ಬಂದಾಗ ನಡೆದ ಘರ್ಷಣೆಯಲ್ಲಿ ಇಬ್ಬರೂ ಸತ್ತರು. ವಿಚಾರಣೆಯಾಯಿತು. ಗುರಪ್ಪ, ಜೀನಹಳ್ಳಿ ಮಲ್ಲಪ್ಪ, ಸೂರ್ಯನಾರಾಯಣಾಚಾರಿ, ಬಡೆಕಳ್ಳಿ ಹಾಲಪ್ಪ, ಗೌಡ್ರ ಶಂಕರಪ್ಪ ಈ ಐವರನ್ನು 1943ರ ಮಾರ್ಚಿಯಲ್ಲಿ ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಗಲ್ಲಿಗೇರಿಸಿದರು. “ಏಸೂರು ಕೊಟ್ಟರೂ ಈಸೂರು ಕೊಡೆವು” ಎಂಬ ಮಾತು ನಮ್ಮ ಬಾಯಲ್ಲಿದೆ. ಆದರೆ ಆ ವಿಚಾರಣೆಯಲ್ಲಿ ಯಾರು ಸಾಕ್ಷಿ ನುಡಿದರು, ಪಾಟೀಸವಾಲಿನಲ್ಲಿ ಏನು ಹೊರಬಂತು, ಗುಂಪಿನಲ್ಲಿದ್ದ ನೂರಾರು ಜನರಲ್ಲಿ ಈ ಐವರನ್ನೇ ಹೇಗೆ ಆರಿಸಿದರು ಎಂದು ಕೇಳಿದರೆ ನಮ್ಮಲ್ಲಿ ಎಷ್ಟು ಜನ ಉತ್ತರ ಹೇಳಬಲ್ಲೆವು?

ಅದೇ 1943ರ ಮಾರ್ಚಿ 29ರಂದು ಕಣ್ಣೂರು ಜೈಲಿನಲ್ಲಿ ಕಯ್ಯೂರಿನ ನಾಲ್ವರು ರೈತರನ್ನೂ ಗಲ್ಲಿಗೆ ಹಾಕಿದರು. ಅದು ಆಗಿನ ಕಾಸರಗೋಡು ಸೀಮೆಯ ಹಳ್ಳಿ. ನೀಲೇಶ್ವರದಲ್ಲಿ ಓದಿದ ನಮ್ಮ ನಿರಂಜನ 1955ರಲ್ಲಿ ‘ಚಿರಸ್ಮರಣೆ’ ಬರೆದರು. ಕಯ್ಯೂರನ್ನು ಕಾಣದ ಕನ್ನಡಿಗನೂ ಆ ನಾಲ್ವರನ್ನು ತಿಳಿದದ್ದು ಹಾಗೆ. ವಿಚಾರಣೆಯ ಕಾಗದ ಸರ್ಕಾರದ ಕಪಾಟಿನಲ್ಲಿರುತ್ತದೆ. ಅದನ್ನು ಸಂಬಳವಿಲ್ಲದೆ ಜನರ ಪರವಾಗಿ ಬರೆಯುವವನು ಬೇಕು. ನಿರಂಜನ ಅದನ್ನು ಕತೆಗಾರನಾಗಿ ಮಾಡಿದರು. ಬಕ್ಷಿಯವರು ಕಾನೂನಿನ ಮೇಷ್ಟರಾಗಿ ಮಾಡಿದರು.

ಬಕ್ಷಿ ಹುಟ್ಟಿದ್ದು 1938ರಲ್ಲಿ, ಗುಜರಾತಿನ ರಾಜಕೋಟೆಯಲ್ಲಿ. ಮುಂಬಯಿಯಲ್ಲಿಯೂ ಅಮೆರಿಕದ ಬರ್ಕ್ಲಿಯಲ್ಲಿಯೂ ಕಾನೂನು ಓದಿದರು. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಪಾಠ ಹೇಳಿದರು. 1973ರಿಂದ 1996ರವರೆಗೆ ದೆಹಲಿ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರು. ನಡುವೆ ಸೂರತ್ತಿನಲ್ಲಿ ದಕ್ಷಿಣ ಗುಜರಾತ್ ವಿಶ್ವವಿದ್ಯಾನಿಲಯದ ಕುಲಪತಿಗಳು, 1990ರಿಂದ 94ರವರೆಗೆ ದೆಹಲಿಯಲ್ಲಿಯೇ ಕುಲಪತಿಗಳು. ಆಮೇಲೆ ಇಂಗ್ಲೆಂಡಿನ ವಾರ್ವಿಕ್‌ನಲ್ಲಿ 2009ರವರೆಗೆ. ಇಷ್ಟೇ ಆಗಿದ್ದರೆ ಅವರ ಹೆಸರನ್ನು ನಿಮ್ಮ ಮುಂದೆ ಎತ್ತುವ ಅಗತ್ಯವಿರಲಿಲ್ಲ. ಕುಲಪತಿಗಳು ಎಷ್ಟೋ ಮಂದಿ ಬಂದು ಹೋಗಿದ್ದಾರೆ. ಇವರು ಓದಿದ ಮೊಕದ್ದಮೆಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು ಕನ್ನಡಿಗರ ಮನೆ ಬಾಗಿಲಿನದು. ಕಾಸರಗೋಡಿನ ಹತ್ತಿರ ಎಡನೀರು ಎಂಬಲ್ಲಿ ಒಂದು ಮಠ. ಕನ್ನಡದ ಮಠ, ಯಕ್ಷಗಾನಕ್ಕೆ ಹೆಸರಾದದ್ದು. ಅದರ ಸ್ವಾಮಿಗಳು ಕೇಶವಾನಂದ ಭಾರತಿ. ಕೇರಳದ ಭೂಸುಧಾರಣಾ ಕಾಯಿದೆಯಿಂದ ಮಠದ ಜಮೀನು ಕೈಬಿಡುವುದೆಂದು ಅವರು 1970ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ನಾನಿ ಪಾಲ್ಖೀವಾಲಾ ವಾದಿಸಿದರು. 13 ಮಂದಿ ನ್ಯಾಯಾಧೀಶರು 68 ದಿನ ಕೇಳಿ 1973ರ ಏಪ್ರಿಲ್ 24ರಂದು 7ಕ್ಕೆ 6ರ ಬಹುಮತದಿಂದ ತೀರ್ಪು ಕೊಟ್ಟರು. ಪಾರ್ಲಿಮೆಂಟು ರಾಜ್ಯಾಂಗವನ್ನು ತಿದ್ದಬಹುದು, ಆದರೆ ಅದರ ಮೂಲ ಕಟ್ಟನ್ನು ಕೆಡವಕೂಡದು ಎಂದರು. ಸ್ವಾಮಿಗಳಿಗೆ ಜಮೀನಿನ ವಿಚಾರದಲ್ಲಿ ಪರಿಹಾರ ಸಿಗಲಿಲ್ಲ. ದೇಶಕ್ಕೆ ಮಾತ್ರ ಒಂದು ತತ್ವ ಸಿಕ್ಕಿತು. ಆ ಪೀಠದಲ್ಲಿ ನಮ್ಮ ಕಾರ್ಕಳ ತಾಲ್ಲೂಕಿನ ಕೌಡೂರಿನ ಕೆ. ಎಸ್. ಹೆಗ್ಡೆಯವರಿದ್ದರು. ತೀರ್ಪಿನ ಬೆನ್ನಿಗೇ ಅವರನ್ನೂ ಇನ್ನಿಬ್ಬರನ್ನೂ ದಾಟಿಸಿ, ಸರ್ಕಾರದ ಪರವಾಗಿ ಬರೆದವರೊಬ್ಬರನ್ನು ಮುಖ್ಯ ನ್ಯಾಯಾಧೀಶರನ್ನಾಗಿ ಮಾಡಿದರು. ಮೂವರೂ ರಾಜೀನಾಮೆ ಕೊಟ್ಟು ಹೊರಬಂದರು.

ಈ ಮೊಕದ್ದಮೆ ನಮ್ಮಂಥವರಿಗೆ ಒಂದು ಇಕ್ಕಟ್ಟು. ಉಳುವವನಿಗೆ ಭೂಮಿ ಕೊಡುವ ಕಾಯಿದೆಯನ್ನು ಎದುರಿಸಿ ಹೋದ ದಾವೆ ಇದು. ನಾವು ಒಪ್ಪತಕ್ಕ ದಾವೆಯಲ್ಲ. ಆದರೆ ಅದರಿಂದ ಹುಟ್ಟಿದ ತತ್ವವೇ ಮುಂದೆ ಸರ್ವಾಧಿಕಾರಕ್ಕೆ ಅಡ್ಡಗಟ್ಟೆಯಾಯಿತು. ಹಾಗಾದರೆ ತೀರ್ಪನ್ನು ಹೊಗಳುವುದೋ ತೆಗಳುವುದೋ? ಬಕ್ಷಿ 1974ರಲ್ಲಿಯೇ ಈ ತೀರ್ಪಿನ ಮೇಲೆ ಲೇಖನ ಬರೆದರು. ಕಾಲಿಟ್ಟರೆ ಹೂತುಹೋಗುವ ಮರಳು ಎಂಬ ಮಾತನ್ನೇ ಅದರ ಶಿರೋನಾಮೆಯಲ್ಲಿಟ್ಟರು. ಹನ್ನೊಂದು ಬೇರೆ ಬೇರೆ ಅಭಿಪ್ರಾಯಗಳಿರುವ ತೀರ್ಪು ಅದು. ಅದರಲ್ಲಿ ಯಾರು ಏನು ಹೇಳಿದರು ಎಂದು ಬಿಡಿಸಿ ನೋಡದೆ ಜಯಘೋಷ ಮಾಡುವುದು ಅಪಾಯ. ತಿದ್ದುವ ಮೇಷ್ಟರು ಹುಡುಗ ಸಾಹುಕಾರನ ಮಗನೋ ಜೀತದವನ ಮಗನೋ ಎಂದು ನೋಡುವುದಿಲ್ಲ, ಉತ್ತರ ನೋಡುತ್ತಾರೆ. ಆ ಬುದ್ಧಿ ಇಲ್ಲಿ ಬೇಕು.

ಎರಡನೆಯದು ತುರ್ತು ಪರಿಸ್ಥಿತಿಯ ಮೊಕದ್ದಮೆ. 1975ರ ಜೂನಿನಲ್ಲಿ ಬೆಂಗಳೂರಿನಲ್ಲಿ ಬಂಧಿತರಾದ ಮುಖಂಡರಲ್ಲಿ ಸಮಾಜವಾದಿ ಮಧು ದಂಡವತೆಯವರೂ ಇದ್ದರು. ಅಂಥ ಬಂದಿಗಳ ಅರ್ಜಿ ಕೇಳುವ ಹಕ್ಕು ತಮಗಿದೆ ಎಂದು ಹೇಳಿದ ಹೈಕೋರ್ಟುಗಳಲ್ಲಿ ನಮ್ಮ ಕರ್ನಾಟಕದ ಹೈಕೋರ್ಟೂ ಒಂದು. ಆದರೆ 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟು ಆ ಹೈಕೋರ್ಟುಗಳ ಮಾತನ್ನು ತಳ್ಳಿಹಾಕಿತು. ತುರ್ತು ಪರಿಸ್ಥಿತಿಯಲ್ಲಿ ಪ್ರಜೆ ತನ್ನ ಬಂಧನವನ್ನು ಪ್ರಶ್ನಿಸಿ ಕೋರ್ಟಿನ ಬಾಗಿಲು ತಟ್ಟುವಂತಿಲ್ಲ ಎಂದಿತು. ಐವರಲ್ಲಿ ಎಚ್. ಆರ್. ಖನ್ನಾ ಒಬ್ಬರೇ ಬೇರೆ ಬರೆದರು.

ತುರ್ತು ಪರಿಸ್ಥಿತಿ ಹೋಯಿತು. ಅದೇ ಕೋರ್ಟು ಒಮ್ಮೆಗೇ ಬಡವರ ಅರ್ಜಿಗಳನ್ನು ಕೇಳತೊಡಗಿತು. ಜನ ಚಪ್ಪಾಳೆ ತಟ್ಟಿದರು. ಬಕ್ಷಿಯವರೂ ಅದನ್ನು ಸ್ವಾಗತಿಸಿದರು, ಆದರೆ ಒಂದು ಮಾತನ್ನು ಬರೆದಿಟ್ಟರು. ತುರ್ತು ಪರಿಸ್ಥಿತಿಯಲ್ಲಿ ಕಳೆದುಕೊಂಡ ಮಾನವನ್ನು ಮರಳಿ ಗಳಿಸಿಕೊಳ್ಳುವ ಆಸೆಯೂ ಈ ಕರುಣೆಯಲ್ಲಿ ಸೇರಿದೆ ಎಂದು. 1980ರಲ್ಲಿ ಬಂದ ಅವರ ‘ಭಾರತದ ಸುಪ್ರೀಂ ಕೋರ್ಟು ಮತ್ತು ರಾಜಕೀಯ’ ಎಂಬ ಇಂಗ್ಲಿಷ್ ಪುಸ್ತಕದ ಹೆಸರೇ ಆಗ ಹಲವರಿಗೆ ಕಸಿವಿಸಿ ತಂದೀತು. ಕೋರ್ಟಿಗೂ ರಾಜಕೀಯಕ್ಕೂ ಏನು ಸಂಬಂಧ ಎಂದು ಕೇಳುವ ಕಾಲ ಅದು. ಸಂಬಂಧವಿದೆ, ಅದನ್ನು ಬಚ್ಚಿಡುವುದಕ್ಕಿಂತ ಬಿಚ್ಚಿ ಹೇಳುವುದೇ ಕೋರ್ಟಿಗೆ ಮಾಡುವ ಗೌರವ ಎಂಬುದು ಅವರ ನಿಲುವು.

1976ರ ಆ ತೀರ್ಪು ಏನಾಯಿತು ಗೊತ್ತೆ? 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟೇ ಅದು ತಪ್ಪು ಎಂದು ತೆಗೆದುಹಾಕಿತು. ಆ ದಿನದ ಮೊಕದ್ದಮೆಯ ಅರ್ಜಿದಾರರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶ ಕೆ. ಎಸ್. ಪುಟ್ಟಸ್ವಾಮಿಯವರು. ನಡುವೆ 41 ವರ್ಷ. ಆ 41 ವರ್ಷವೂ ಅದು ತಪ್ಪು, ತಪ್ಪು ಎಂದು ತರಗತಿಯಲ್ಲಿ ಹೇಳುತ್ತಾ, ಪತ್ರಿಕೆಯಲ್ಲಿ ಬರೆಯುತ್ತಾ ಇದ್ದವರು ಇಲ್ಲದಿದ್ದರೆ ಅದು ಧೂಳು ಹಿಡಿದು ಅಲ್ಲಿಯೇ ನಿಂತಿರುತ್ತಿತ್ತು.

ಮೂರನೆಯದನ್ನು ತಾಯಂದಿರು ವಿಶೇಷವಾಗಿ ಗಮನಿಸಬೇಕು. 1972ರ ಮಾರ್ಚಿಯಲ್ಲಿ ಮಹಾರಾಷ್ಟ್ರದ ದೇಸಾಯಿಗಂಜ್ ಎಂಬಲ್ಲಿ ಒಬ್ಬ ಆದಿವಾಸಿ ಕೂಲಿ ಹುಡುಗಿಯನ್ನು ರಾತ್ರಿ ಪೋಲೀಸ್ ಠಾಣೆಗೆ ಕರೆಸಿದರು. ತಂದೆತಾಯಿಯಿಲ್ಲದ ಹುಡುಗಿ. ಜೊತೆಗೆ ಬಂದವರನ್ನು ಹೊರಗೆ ಕಳಿಸಿ, ಬಾಗಿಲು ಹಾಕಿ, ದೀಪ ಆರಿಸಿ, ಅವಳ ಮೇಲೆ ಅತ್ಯಾಚಾರ ಮಾಡಿದರೆಂಬುದು ಆಪಾದನೆ. ಮಥುರಾ ಪ್ರಕರಣವೆಂದು ಹೆಸರಾದದ್ದು ಇದೇ. ಸೆಷನ್ಸ್ ಕೋರ್ಟು ಆ ಹುಡುಗಿಯನ್ನೇ ಸುಳ್ಳುಗಾತಿ ಎಂದು ಪೇದೆಗಳನ್ನು ಬಿಟ್ಟಿತು. ಹೈಕೋರ್ಟು ಅವರಿಗೆ ಶಿಕ್ಷೆ ಕೊಟ್ಟಿತು. 1978ರ ಸೆಪ್ಟೆಂಬರ್ 15ರಂದು ಸುಪ್ರೀಂ ಕೋರ್ಟು ಮತ್ತೆ ಬಿಟ್ಟಿತು. ಕಾರಣವೇನೆಂದರೆ ಮೈಮೇಲೆ ಗಾಯವಿಲ್ಲ, ಕೂಗಿಕೊಂಡಿಲ್ಲ, ಆದ್ದರಿಂದ ಒಪ್ಪಿಗೆ ಇತ್ತು ಎಂಬುದು.

ತೀರ್ಪು ಬಂತು, ಕಾನೂನು ವರದಿಯಲ್ಲಿ ಅಚ್ಚಾಯಿತು, ಒಂದು ವರ್ಷ ಯಾರೂ ಗದ್ದಲ ಮಾಡಲಿಲ್ಲ. 1979ರ ಸೆಪ್ಟೆಂಬರ್ 16ರಂದು ನಾಲ್ವರು ಕಾನೂನು ಮೇಷ್ಟರು ದೇಶದ ಮುಖ್ಯ ನ್ಯಾಯಾಧೀಶರಿಗೆ ಒಂದು ಬಹಿರಂಗ ಪತ್ರ ಬರೆದರು. ಉಪೇಂದ್ರ ಬಕ್ಷಿ, ಲತಿಕಾ ಸರ್ಕಾರ್, ರಘುನಾಥ ಕೇಳ್ಕರ್, ವಸುಧಾ ಧಾಗಮ್ವಾರ್. ಶರಣಾಗುವುದು ಬೇರೆ, ಒಪ್ಪುವುದು ಬೇರೆ, ಇಷ್ಟು ವ್ಯತ್ಯಾಸ ಕಾನೂನಿಗೆ ತಿಳಿಯದೆ ಎಂದು ಕೇಳಿದರು. ಠಾಣೆಯೊಳಗೆ, ರಾತ್ರಿಯ ಹೊತ್ತು, ಲಾಠಿ ಹಿಡಿದವನ ಮುಂದೆ, ಓದುಬರಹವಿಲ್ಲದ ಕೂಲಿ ಹುಡುಗಿ ಹೇಗೆ ಕೂಗಿಯಾಳು? ಅವಳ ಬಡತನ, ವಯಸ್ಸು, ಪೋಲೀಸರ ಭಯ ಇವು ಯಾವುವೂ ತೀರ್ಪಿನಲ್ಲಿ ಕಾಣುವುದಿಲ್ಲವೇಕೆ? ನ್ಯಾಯಾಧೀಶರು ವೇಷ ಮರೆಸಿಕೊಂಡು ಹಳ್ಳಿಯ ಠಾಣೆಗಳಿಗೆ ಹೋಗಿ ನೋಡಿ ಬರಲಿ ಎಂದೂ ಬರೆದರು.

ಅಂದಿನ ದಿನದಲ್ಲಿ ಸುಪ್ರೀಂ ಕೋರ್ಟಿಗೆ ಹಾಗೆ ಬರೆಯಲು ಎದೆಗಾರಿಕೆ ಬೇಕಿತ್ತು. ಪತ್ರ ಕೈಯಿಂದ ಕೈಗೆ ಹೋಯಿತು. 1980ರ ಮಾರ್ಚಿ 8ರಂದು ಹಲವು ಪಟ್ಟಣಗಳಲ್ಲಿ ಹೆಂಗಸರು ಬೀದಿಗಿಳಿದರು. 1983ರಲ್ಲಿ ಪಾರ್ಲಿಮೆಂಟು ಕಾಯಿದೆ ತಿದ್ದಿತು. ಪೋಲೀಸರ ವಶದಲ್ಲಿದ್ದ ಹೆಂಗಸಿನೊಡನೆ ಸಂಭೋಗ ನಡೆದದ್ದು ಸಾಬೀತಾಗಿ, ತಾನು ಒಪ್ಪಿರಲಿಲ್ಲವೆಂದು ಅವಳು ಹೇಳಿದರೆ, ಒಪ್ಪಿರಲಿಲ್ಲವೆಂದೇ ಕೋರ್ಟು ಭಾವಿಸತಕ್ಕದ್ದು ಎಂದಾಯಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಾಕ್ಷ್ಯ ಕಾಯಿದೆಯಲ್ಲಿಯೂ ಅದು ಉಳಿದಿದೆ. ಕಡೂರಿನ ಠಾಣೆಗಾಗಲಿ ತರೀಕೆರೆಯ ಠಾಣೆಗಾಗಲಿ ನಮ್ಮ ಅಕ್ಕತಂಗಿಯರು ಹೋಗಬೇಕಾಗಿ ಬಂದಾಗ ಅವರ ಬೆನ್ನಿಗಿರುವ ಆ ಕಲಮು ಆ ಪತ್ರದಿಂದ ಹುಟ್ಟಿದ ಚಳವಳಿಯ ಫಲ.

ಇಲ್ಲಿ ಒಂದು ಸತ್ಯವನ್ನು ಮುಚ್ಚಬಾರದು. ಆ ಹುಡುಗಿಗೆ ನ್ಯಾಯ ಸಿಗಲಿಲ್ಲ. ಬಿಡುಗಡೆಯಾದ ಪೇದೆಗಳು ಬಿಡುಗಡೆಯಾಗಿಯೇ ಉಳಿದರು. ಅವಳ ಹೆಸರಿನಲ್ಲಿ ಕಾನೂನು ಬದಲಾಯಿತು, ಅವಳ ಪಾಲಿಗೆ ಏನೂ ಬದಲಾಗಲಿಲ್ಲ. ಬರವಣಿಗೆಯಿಂದ ಏನು ಆಗುತ್ತದೆ, ಏನು ಆಗುವುದಿಲ್ಲ ಎಂಬುದು ಎರಡೂ ಇದರಲ್ಲಿದೆ.

1981ರಲ್ಲಿ ಬಕ್ಷಿಯವರೂ ಲತಿಕಾ ಸರ್ಕಾರರೂ ಪತ್ರಿಕೆಯ ವರದಿಯೊಂದನ್ನು ಓದಿ ಆಗ್ರಾದ ಸ್ತ್ರೀ ರಕ್ಷಣಾಗೃಹದ ದುಃಸ್ಥಿತಿಯ ಬಗ್ಗೆ ಸುಪ್ರೀಂ ಕೋರ್ಟಿಗೆ ಕಾಗದ ಬರೆದರು. ಕೋರ್ಟು ಆ ಕಾಗದವನ್ನೇ ರಿಟ್ ಅರ್ಜಿಯೆಂದು ತೆಗೆದುಕೊಂಡಿತು. ಸ್ಟಾಂಪು ಕಾಗದವಿಲ್ಲದೆ, ವಕಾಲತ್ತು ಇಲ್ಲದೆ, ಅಂಚೆಯಲ್ಲಿ ಬಂದ ಕಾಗದಕ್ಕೆ ದೇಶದ ದೊಡ್ಡ ಕೋರ್ಟು ಬಾಗಿಲು ತೆಗೆದ ಕಾಲ ಅದು. ಇದನ್ನು ‘ಸಾರ್ವಜನಿಕ ಹಿತಾಸಕ್ತಿ’ ಎನ್ನುವುದಕ್ಕಿಂತ ‘ಸಾಮಾಜಿಕ ಕ್ರಿಯೆಯ ದಾವೆ’ ಎನ್ನಬೇಕು ಎಂಬುದು ಬಕ್ಷಿಯವರ ವಾದ. ಹಿತಾಸಕ್ತಿ ಎಲ್ಲರಿಗೂ ಇರುತ್ತದೆ, ಸಾಹುಕಾರನಿಗೂ ಇರುತ್ತದೆ. ಈ ದಾವೆ ಸಂಕಟಪಡುವವನದಾಗಿರಬೇಕು.

ಆ ಎಚ್ಚರಿಕೆ ಎಷ್ಟು ಸರಿಯೆಂದು ನಮ್ಮ ಮಲೆನಾಡಿನ ಅಂಚಿನವರಿಗೆ ಗೊತ್ತು. 1995ರಲ್ಲಿ ಅದೇ ಬಾಗಿಲಿನಿಂದ ಗೋದಾವರ್ಮನ್ ಅವರ ಕಾಡಿನ ಮೊಕದ್ದಮೆ ಒಳಗೆ ಹೋಯಿತು. 1996ರ ಡಿಸೆಂಬರ್ 12ರಂದು ಕೋರ್ಟು, ಯಾರ ಜಮೀನೇ ಆಗಿರಲಿ, ನಿಘಂಟಿನಲ್ಲಿ ಕಾಡು ಎಂಬುದಕ್ಕೆ ಏನು ಅರ್ಥವೋ ಅದು ಕಾಡು ಎಂದಿತು. ಕಾಡು ಉಳಿಯಬೇಕು, ನಿಜ. ಆದರೆ ಪಹಣಿ ನೋಡಿ ಬದುಕುವ ರೈತನಿಗೆ ನಿಘಂಟನ್ನು ತೋರಿಸಿದರೆ ಅವನು ಏನು ಮಾಡಿಯಾನು? ಬಡವನಿಗಾಗಿ ತೆಗೆದ ಬಾಗಿಲಿನಿಂದ ಯಾರು ಯಾರು ಬರುತ್ತಾರೆ ಎಂದು ಕಾದು ನೋಡುವವನು ಬೇಕು.

ಕೊನೆಯದು ಭೋಪಾಲ. 1984ರ ಡಿಸೆಂಬರ್ 2ರ ರಾತ್ರಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯ ವಿಷಾನಿಲಕ್ಕೆ ಸಾವಿರಾರು ಜನ ಸತ್ತರು. 1985ರಲ್ಲಿ ಸರ್ಕಾರ ಕಾಯಿದೆ ಮಾಡಿ ನೊಂದವರೆಲ್ಲರ ಪರವಾಗಿ ದಾವೆ ಹೂಡುವ ಹಕ್ಕನ್ನು ತಾನೇ ತೆಗೆದುಕೊಂಡಿತು. ನ್ಯೂಯಾರ್ಕಿನ ಕೋರ್ಟಿಗೆ ಹೋಗಿ, ನಮ್ಮ ದೇಶದ ಕೋರ್ಟುಗಳು ಇಂಥ ಮೊಕದ್ದಮೆಗೆ ಸಾಲವು ಎಂದು ನಮ್ಮ ಸರ್ಕಾರವೇ ಹೇಳಿತು. ಸಾಲುತ್ತವೆ, ಬಹಳ ಚೆನ್ನಾಗಿವೆ ಎಂದು ಕಂಪನಿ ಹೇಳಿತು. ಕಂಪನಿಯ ಪರವಾಗಿ ಪ್ರಮಾಣಪತ್ರ ಕೊಟ್ಟವರಲ್ಲಿ ಎಡನೀರು ಮಠದ ಪರ ವಾದಿಸಿದ ಅದೇ ಪಾಲ್ಖೀವಾಲಾ ಒಬ್ಬರು. 1986ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ನ್ಯಾಯಾಧೀಶರು ದಾವೆಯನ್ನು ಭಾರತಕ್ಕೆ ಸಾಗಹಾಕಿದರು. ಸರ್ಕಾರ ಇಲ್ಲಿ ಕೇಳಿದ್ದು 300 ಕೋಟಿ ಡಾಲರಿಗೂ ಮೇಲೆ. 1989ರ ಫೆಬ್ರವರಿಯಲ್ಲಿ ರಾಜಿಯಾಗಿದ್ದು 47 ಕೋಟಿ ಡಾಲರಿಗೆ. ಕ್ರಿಮಿನಲ್ ಮೊಕದ್ದಮೆಯಲ್ಲಿ ಇಲ್ಲಿನ ಅಧಿಕಾರಿಗಳಿಗೆ ಎರಡು ವರ್ಷದ ಶಿಕ್ಷೆಯಾದದ್ದು 2010ರ ಜೂನ್ 7ರಂದು, 25 ವರ್ಷ ಕಳೆದ ಮೇಲೆ.

ಬಕ್ಷಿ ಇಲ್ಲಿ ಮಾಡಿದ ಕೆಲಸ ಗುಮಾಸ್ತನ ಕೆಲಸದಂತೆ ಕಾಣುತ್ತದೆ. ಅರ್ಜಿ, ಪ್ರಮಾಣಪತ್ರ, ವಾದ, ಆಜ್ಞೆ ಇವನ್ನೆಲ್ಲ ಒಟ್ಟುಮಾಡಿ, ಮುನ್ನುಡಿ ಬರೆದು, ಜೊತೆಗಾರರೊಡನೆ ಸಂಪುಟಗಳಾಗಿ ಅಚ್ಚು ಹಾಕಿಸಿದರು. 1986ರಲ್ಲಿ ಎರಡು, 1990ರಲ್ಲಿ ಮತ್ತೊಂದು. ಕಂಪನಿಗೆ ದೊಡ್ಡ ದೊಡ್ಡ ವಕೀಲರ ಕಚೇರಿಗಳಿವೆ, ಅಲ್ಲಿ ಕಾಗದ ಕಳೆಯುವುದಿಲ್ಲ. ಸರ್ಕಾರಕ್ಕೆ ಕಡತಖಾನೆ ಇದೆ. ಭೋಪಾಲದ ಗುಡಿಸಲಿನವನಿಗೆ ಏನಿದೆ? ಅವನ ಕಡತಖಾನೆ ಈ ಪುಸ್ತಕ.

ಈಗ ನಿಮ್ಮಲ್ಲಿ ಯಾರಾದರೂ ಕೇಳಬಹುದು: “ಮೇಷ್ಟರೇ, ದೆಹಲಿಯಲ್ಲಿ ಕುಳಿತು ಪುಸ್ತಕ ಬರೆದರೆ ನಮ್ಮ ಕಾವಲಿನ ಜಮೀನಿಗೆ ಸಾಗುವಳಿ ಚೀಟಿ ಸಿಗುತ್ತದೆಯೆ?” ನ್ಯಾಯವಾದ ಪ್ರಶ್ನೆ. ಸಿಗುವುದಿಲ್ಲ. ಅದಕ್ಕೆ ಸಂಘಟನೆ ಬೇಕು, ಮೆರವಣಿಗೆ ಬೇಕು, ಕಚೇರಿಯ ಮುಂದೆ ಕೂರಬೇಕು. ಇನ್ನೊಂದು ಮಾತನ್ನೂ ಹೇಳಬೇಕು. ಬಕ್ಷಿಯವರು ಬರೆದದ್ದು ಇಂಗ್ಲಿಷಿನಲ್ಲಿ, ಅದೂ ಕಠಿಣವಾದ ಇಂಗ್ಲಿಷಿನಲ್ಲಿ. ಸಂಕಟಪಡುವವನ ಪರವಾಗಿ ಬರೆದ ಮಾತು ಸಂಕಟಪಡುವವನಿಗೆ ಓದಲು ಬಾರದ ಭಾಷೆಯಲ್ಲಿ ಉಳಿದರೆ ಅರ್ಧ ಕೆಲಸವಾದ ಹಾಗೆ. ಮಿಕ್ಕ ಅರ್ಧವನ್ನು ಮಾಡಬೇಕಾದವರು ನಾವು.

ಆದರೆ ಮೆರವಣಿಗೆಗೂ ಮಾತು ಬೇಕು. ಮಥುರಾ ಪ್ರಕರಣದಲ್ಲಿ ಪತ್ರ ಮೊದಲು ಬಂತು, ಬೀದಿ ಆಮೇಲೆ ಬಂತು. ಪತ್ರ ಬರೆದವರು ತೀರ್ಪಿನ ಒಂದೊಂದು ಸಾಲನ್ನೂ ಓದಿದ್ದರಿಂದ ಬೀದಿಗಿಳಿದವರಿಗೆ ಏನು ಕೇಳಬೇಕೆಂದು ಗೊತ್ತಿತ್ತು. “ನ್ಯಾಯ ಬೇಕು” ಎಂದಷ್ಟೇ ಕೂಗಿದ್ದರೆ ಅಯ್ಯೋ ಪಾಪ ಎಂದು ಕಳಿಸಿಬಿಡುತ್ತಿದ್ದರು. ಒಪ್ಪಿಗೆಯನ್ನು ಸಾಬೀತು ಮಾಡುವ ಹೊರೆ ಯಾರ ಮೇಲಿರಬೇಕು ಎಂದು ಕೇಳಿದ್ದಕ್ಕೆ ಕಾನೂನು ಬದಲಾಯಿತು.

ಆದ್ದರಿಂದ ಈ ಶಿಬಿರದಿಂದ ಹೋಗುವಾಗ ಮೂರು ಕೆಲಸಗಳನ್ನು ಒಪ್ಪಿಕೊಂಡು ಹೋಗಿ. ಒಂದು, ನಿಮ್ಮ ಊರಿನಲ್ಲಿ ಯಾರ ಅರ್ಜಿ ವಜಾ ಆಗಿದೆಯೋ ಅವರಿಂದ ಆಜ್ಞೆಯ ದೃಢೀಕೃತ ನಕಲಿಗೆ ಅರ್ಜಿ ಹಾಕಿಸಿ. ಬಾಯಿಮಾತಿನ “ವಜಾ ಆಯಿತು” ಸಾಲದು, ಕಾಗದ ಬೇಕು. ಎರಡು, ಅದನ್ನು ವಕೀಲರ ಹತ್ತಿರವೋ ಶಾಲೆಯ ಮೇಷ್ಟರ ಹತ್ತಿರವೋ ಕುಳಿತು ಓದಿಸಿ, ಯಾವ ಕಾರಣಕ್ಕೆ ವಜಾ ಮಾಡಿದ್ದಾರೆ ಎಂಬುದನ್ನು ಒಂದು ಪುಟದಲ್ಲಿ ಕನ್ನಡದಲ್ಲಿ ಬರೆಯಿರಿ. ಸಾಗುವಳಿ ಯಾವ ವರ್ಷದಿಂದ, ಮಹಜರು ಮಾಡಿದವರು ಜಮೀನಿಗೆ ಬಂದಿದ್ದರೆ ಇಲ್ಲವೆ, ಪಕ್ಕದ ಹಿಡುವಳಿದಾರನಿಗೆ ಮಂಜೂರಾಗಿ ಇವನಿಗೆ ಏಕೆ ಆಗಲಿಲ್ಲ, ಎಲ್ಲವನ್ನೂ ಬರೆಯಿರಿ. ಮೂರು, ಆ ಪುಟವನ್ನು ಊರ ಕಟ್ಟೆಯಲ್ಲಿ ಗಟ್ಟಿಯಾಗಿ ಓದಿ. ಹತ್ತು ಹಳ್ಳಿಯ ಹತ್ತು ಪುಟ ಒಟ್ಟಾದಾಗ ಒಂದೇ ತಪ್ಪು ಹತ್ತು ಕಡೆ ನಡೆದಿರುವುದು ಕಣ್ಣಿಗೆ ಬೀಳುತ್ತದೆ. ಆಗ ತಹಶೀಲ್ದಾರರ ಮುಂದೆ ನಾವು ಬೇಡುವವರಾಗಿ ನಿಲ್ಲುವುದಿಲ್ಲ, ಲೆಕ್ಕ ಕೇಳುವವರಾಗಿ ನಿಲ್ಲುತ್ತೇವೆ.

ಸುಪ್ರೀಂ ಕೋರ್ಟಿನ ತೀರ್ಪನ್ನು ಒಬ್ಬ ಮೇಷ್ಟರು ತಿದ್ದಬಹುದಾದರೆ, ತಾಲ್ಲೂಕು ಕಚೇರಿಯ ಆಜ್ಞೆಯನ್ನು ಒಬ್ಬ ರೈತ ಓದಲು ಹೆದರಬೇಕಾಗಿಲ್ಲ. ಮುಂದಿನ ಶಿಬಿರ ಅಜ್ಜಂಪುರದಲ್ಲಿ. ಬರುವಾಗ ಪ್ರತಿಯೊಬ್ಬರೂ ಒಂದು ಪುಟ ಬರೆದು ತನ್ನಿರಿ. ಕೂಡಿ ತಿದ್ದೋಣ.